ಮುಕ್ತ ತಂತ್ರಾಂಶದಲ್ಲಿ ಅಪೂರ್ಣ ರಚನೆಯ ಅಂಗೀಕಾರ

ಕುಮಾರವ್ಯಾಸನು ಭಾರತದ ಹತ್ತು ಪರ್ವಗಳನ್ನು ಹೇಳಿ ಗದಾಪರ್ವದಲ್ಲಿ ನಿಲ್ಲಿಸಿದನು. ಉಳಿದುದನ್ನು ತಿಮ್ಮಣ್ಣ ಕವಿ ಪೂರೈಸಿದನು. ಗ್ರಂಥವು ಅಪೂರ್ಣವೆಂಬ ಕಾರಣಕ್ಕಾಗಿ ಕನ್ನಡಿಗರು ಅದನ್ನು ಕೈಬಿಟ್ಟವರಲ್ಲ. ಗದಾಪರ್ವದ ಕೊನೆಗೆ ಬಂದು ಪುಸ್ತಕ ಮುಚ್ಚಿದ ಓದುಗನಿಗೆ ಒಂದಿಷ್ಟು ಅತೃಪ್ತಿ ಉಳಿದೀತೇ ಹೊರತು ಬೇರೆ ಹಾನಿ ಏನೂ ಇಲ್ಲ. ತಂತ್ರಾಂಶದ ವಿಷಯದಲ್ಲಿ ಮಾತ್ರ ಇದೇ ಮಾತನ್ನು ಹೇಳಲು ಬರುವುದಿಲ್ಲ. ಅದು ಓದುವ ವಸ್ತುವಾಗಿರುವಂತೆಯೇ ಇತರರು ನಿಂತು ನಡೆಯುವ ನೆಲವೂ ಆಗಿದೆ. ಅರ್ಧ ಹಾಸಿದ ನೆಲದ ಮೇಲೆ ಕತ್ತಲಲ್ಲಿ ಕಾಲಿಟ್ಟವನು ಬೀಳುತ್ತಾನೆ. ಹಾಸಿದವನು ಆ ಹೊತ್ತಿಗೆ ಬೇರೆಲ್ಲಿಯೋ ಇರುತ್ತಾನೆ.

ಯಾರು ಬೇಕಾದರೂ ಓದಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶದ ಯೋಜನೆಗಳಲ್ಲಿ ಈ ಪ್ರಶ್ನೆ ಪದೇ ಪದೇ ಏಳುತ್ತಿರುವುದು. ಒಬ್ಬನು ಒಂದು ಹೊಸ ಸೌಲಭ್ಯವನ್ನು ಬರೆದು ತರುತ್ತಾನೆ. ಅದರ ಮುಖ್ಯ ಭಾಗ ಕೆಲಸ ಮಾಡುತ್ತದೆ. ಕೆಲವು ಭಾಗಗಳು ಇನ್ನೂ ಆಗಬೇಕಾಗಿವೆ. ಯೋಜನೆಯ ಪಾಲಕರು ಅದನ್ನು ಮೂಲದೊಳಗೆ ಸೇರಿಸಿಕೊಳ್ಳಬೇಕೇ, ಪೂರ್ಣವಾದ ಮೇಲೆ ಬಾ ಎಂದು ಹಿಂದಿರುಗಿಸಬೇಕೇ? ಈ ವಿವಾದವು ಅತ್ಯಂತ ಸ್ಪಷ್ಟವಾಗಿ ಕಾಣಿಸಿಕೊಂಡಿರುವುದು ಲಿನಕ್ಸ್ ಕರ್ನಲ್ಲಿನ ಇತಿಹಾಸದಲ್ಲಿ. ಕರ್ನಲ್ ಎಂದರೆ ಗಣಕದ ಯಂತ್ರಭಾಗಗಳಿಗೂ ಉಳಿದೆಲ್ಲ ತಂತ್ರಾಂಶಕ್ಕೂ ನಡುವೆ ನಿಂತಿರುವ ಒಳತಿರುಳು. ಅಲ್ಲಿ ಕೈಗೊಂಡ ನಿರ್ಣಯಗಳ ಫಲವನ್ನು ನಮ್ಮ ಕೈಯ ಆಂಡ್ರಾಯ್ಡ್ ದೂರವಾಣಿಯವರೆಗೂ ನಾವು ಅನುಭವಿಸುತ್ತಿರುವುದರಿಂದ ವಿಚಾರಕ್ಕೆ ಅದನ್ನೇ ಆರಿಸಿಕೊಂಡಿದ್ದೇವೆ.

ಅಂಗೀಕರಿಸಬೇಕೆನ್ನುವವರ ಪಕ್ಷ ದುರ್ಬಲವಾದುದಲ್ಲ. ಲಿನಕ್ಸ್ ಕರ್ನಲ್ಲೇ ಹುಟ್ಟಿದಾಗ ಅಪೂರ್ಣವಾಗಿತ್ತು. 1991ರ ಸೆಪ್ಟೆಂಬರಿನಲ್ಲಿ ಲೀನಸ್ ಟೋರ್ವಾಲ್ಡ್ಸ್ ಅವರು ಹೊರಗೆ ಬಿಟ್ಟ 0.01 ಆವೃತ್ತಿ ಸುಮಾರು ಹತ್ತು ಸಾವಿರ ಸಾಲುಗಳ ಬರೆಹ. ಅದನ್ನು ಸಿದ್ಧಪಡಿಸಿಕೊಳ್ಳಲು ಮಿನಿಕ್ಸ್ ಎಂಬ ಇನ್ನೊಂದು ವ್ಯವಸ್ಥೆಯ ಆಸರೆ ಬೇಕಾಗಿತ್ತು. ಅದಕ್ಕೆ ಮುಂಚೆಯೇ, 1990ರಲ್ಲಿ, ಗ್ನೂ ಯೋಜನೆಯವರು ಹರ್ಡ್ ಎಂಬ ಕರ್ನಲ್ಲನ್ನು ಉದಾತ್ತವಾದ ವಿನ್ಯಾಸದೊಡನೆ ಆರಂಭಿಸಿದ್ದರು. ಅದು ಇಂದಿಗೂ ಸಾಮಾನ್ಯ ಬಳಕೆಗೆ ಬಂದಿಲ್ಲ. 1997ರಲ್ಲಿ ಎರಿಕ್ ರೇಮಂಡ್ ಅವರು ‘ಕೆಥೆಡ್ರಲ್ ಮತ್ತು ಬಜಾರ್’ ಎಂಬ ಪ್ರಬಂಧದಲ್ಲಿ ಈ ಅನುಭವಕ್ಕೆ ಸಿದ್ಧಾಂತದ ರೂಪ ಕೊಟ್ಟರು. ಬೇಗನೆ ಹೊರಗಿಡುವುದು, ಮತ್ತೆ ಮತ್ತೆ ಹೊರಗಿಡುವುದು, ಬಳಸುವವರಿಂದಲೇ ದೋಷಗಳನ್ನು ತಿಳಿಯುವುದು—ಇದೇ ಕ್ರಮವೆಂದು ಅವರ ಪ್ರತಿಪಾದನೆ. ಹೊರಗಿಡದೆ ಬಳಸುವವರಿಲ್ಲ, ಬಳಸುವವರಿಲ್ಲದೆ ದೋಷ ಕಾಣದು, ದೋಷ ಕಾಣದೆ ಪೂರ್ಣತೆಯಿಲ್ಲ. ಪೂರ್ಣವಾದ ಮೇಲೆಯೇ ಬಾ ಎನ್ನುವವನು ನಮ್ಮ ಶಾಸ್ತ್ರಕಾರರು ಹೇಳುವ ಅನ್ಯೋನ್ಯಾಶ್ರಯ ದೋಷಕ್ಕೆ ಸಿಕ್ಕಿಕೊಳ್ಳುತ್ತಾನೆ.

ಎದುರು ಪಕ್ಷದವರು ಹೇಳುವುದು ಇಷ್ಟೇ: ಬರೆದವನು ಸ್ವತಂತ್ರ, ಸೇರಿಸಿಕೊಂಡವನು ಬದ್ಧ. ಒಮ್ಮೆ ಮೂಲದೊಳಗೆ ಬಂದ ಕೋಡನ್ನು ಮುಂದೆ ಸಾಕುವ ಹೊಣೆ ಪಾಲಕನ ಮೇಲೆ ಬೀಳುತ್ತದೆ. ಕರ್ನಲ್ಲಿನವರಿಗೆ ಇನ್ನೊಂದು ಕಠಿಣ ನಿಯಮವೂ ಉಂಟು. ಹಳೆಯ ಆವೃತ್ತಿಯಲ್ಲಿ ನಡೆಯುತ್ತಿದ್ದ ಬಳಕೆದಾರನ ಕಾರ್ಯಕ್ರಮವು ಹೊಸ ಆವೃತ್ತಿಯಲ್ಲಿ ನಿಲ್ಲಬಾರದು. ಈ ನಿಯಮವಿರುವಲ್ಲಿ ಅವಸರದಲ್ಲಿ ಮಾಡಿದ ಒಂದು ತಪ್ಪು ಏರ್ಪಾಡು, ಯಾರಾದರೂ ಅದನ್ನು ನೆಚ್ಚಿದ ಮರುದಿನದಿಂದ, ಹೆಚ್ಚುಕಡಮೆ ಶಾಶ್ವತವಾಗಿಬಿಡುತ್ತದೆ.

ಈ ಎರಡು ಪಕ್ಷಗಳೂ ‘ಎಷ್ಟು ಭಾಗ ಮುಗಿದಿದೆ’ ಎಂಬುದನ್ನೇ ಅಳತೆಗೋಲಾಗಿ ಹಿಡಿದಿವೆಯೆಂದು ನಮಗೆ ತೋರುತ್ತದೆ. ಅಳೆಯಬೇಕಾದುದು ಬೇರೆ. ಉಳಿದ ಭಾಗವು ಎಂದೆಂದಿಗೂ ಬಾರದೇ ಹೋದರೆ ಆ ನಷ್ಟವನ್ನು ಹೊರುವವರು ಯಾರು? ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಕೆಲವು ನಿದರ್ಶನಗಳನ್ನು ಪರೀಕ್ಷಿಸೋಣ.

ಮೊದಲು, ಎರಡು ಪಕ್ಷಗಳನ್ನೂ ಸಮಾಧಾನಗೊಳಿಸುವಂತೆ ಕಾಣುವ ಉಪಾಯವೊಂದನ್ನು ಕುರಿತು ಹೇಳಬೇಕು. ಅಪೂರ್ಣವಾದುದನ್ನು ಸೇರಿಸಿಕೊಂಡು ಅದಕ್ಕೆ ‘ಪ್ರಾಯೋಗಿಕ’ ಎಂಬ ಚೀಟಿ ಅಂಟಿಸುವುದೇ ಆ ಉಪಾಯ. ಕರ್ನಲ್ಲಿನಲ್ಲಿ ಬಹುಕಾಲ ಹೀಗೊಂದು ಸಾಮಾನ್ಯ ಚೀಟಿ ಇತ್ತು. ಕರ್ನಲ್ಲನ್ನು ಕಟ್ಟುವವನು ‘ಪ್ರಾಯೋಗಿಕವಾದುವು ಬೇಕು’ ಎಂದು ಒಪ್ಪಿದರೆ ಮಾತ್ರ ಅಂಥ ಸೌಲಭ್ಯಗಳು ಅವನಿಗೆ ದೊರೆಯುತ್ತಿದ್ದುವು. ಚೀಟಿ ಹಚ್ಚುವುದು ಸುಲಭ, ಕೀಳುವುದನ್ನು ಯಾರೂ ನೆನೆಯುವುದಿಲ್ಲ. ವರ್ಷಗಳುರುಳಿದಂತೆ ಎಲ್ಲರೂ ದಿನವೂ ಬಳಸುವ ಸೌಲಭ್ಯಗಳ ಮೇಲೂ ಅದು ಉಳಿದುಕೊಂಡಿತು. ಲಿನಕ್ಸನ್ನು ಹಂಚುವ ವಿತರಣೆಗಳವರು ವಿಧಿಯಿಲ್ಲದೆ ಸಾರಾಸಗಟಾಗಿ ‘ಬೇಕು’ ಎಂದೇ ಒಪ್ಪಿಕೊಳ್ಳತೊಡಗಿದರು. ಎಲ್ಲದರ ಮೇಲೂ ಇರುವ ಚೀಟಿಗೆ ಅರ್ಥವಿಲ್ಲವೆಂದು ಕಂಡು 2012–13ರಲ್ಲಿ ಅದನ್ನು ತೆಗೆದೇ ಹಾಕಿದರು. ಇನ್ನೊಂದು ಸಂಗತಿಯನ್ನೂ ಗಮನಿಸಬೇಕು. ಆ ಚೀಟಿಯನ್ನು ಓದುತ್ತಿದ್ದವನು ಕರ್ನಲ್ಲನ್ನು ಕಟ್ಟುವವನು. ಅಪಾಯಕ್ಕೆ ಒಳಗಾಗುತ್ತಿದ್ದವನು ಅದನ್ನು ಬಳಸುವವನು. ಈ ಇಬ್ಬರೂ ಒಬ್ಬನೇ ಆಗಿದ್ದ ಕಾಲ ಬಹಳ ಹಿಂದೆಯೇ ಕಳೆದಿತ್ತು.

ಇದಕ್ಕಿಂತ ಜಾಣತನದ ಚೀಟಿಯೊಂದು ಎಕ್ಸ್ಟ್4 ಎಂಬ ಕಡತವ್ಯವಸ್ಥೆಯ ಕಥೆಯಲ್ಲಿ ಸಿಗುತ್ತದೆ. ಕಡತವ್ಯವಸ್ಥೆಯೆಂದರೆ ನಮ್ಮ ಬರೆಹ, ಚಿತ್ರ, ಲೆಕ್ಕಪತ್ರಗಳು ಡಿಸ್ಕಿನ ಮೇಲೆ ಎಲ್ಲೆಲ್ಲಿ ಕುಳಿತಿವೆಯೆಂಬುದರ ಏರ್ಪಾಡು. ಅದು ಕೆಟ್ಟರೆ ಅವೆಲ್ಲವೂ ಹೋದಂತೆಯೇ. 2006ರ ನವೆಂಬರಿನ 2.6.19 ಆವೃತ್ತಿಯಲ್ಲಿ ಇದು ಮೂಲದೊಳಗೆ ಬಂದಾಗ ಅದರ ಹೆಸರೇ ‘ಎಕ್ಸ್ಟ್4ಡೆವ್’ ಎಂದಿತ್ತು. ಅಂದರೆ ಇನ್ನೂ ಬೆಳೆಯುತ್ತಿರುವುದು ಎಂದರ್ಥ. ಬಳಸುವವನು ಪ್ರತಿಸಲವೂ ತನ್ನ ಕೈಯಿಂದಲೇ ಆ ಹೆಸರನ್ನು ಬರೆಯಬೇಕಾಗಿತ್ತು. 2008ರ ಡಿಸೆಂಬರಿನಲ್ಲಿ, 2.6.28ರಲ್ಲಿ, ಬಾಲವನ್ನು ಕತ್ತರಿಸಿ ಬರಿಯ ಎಕ್ಸ್ಟ್4 ಎಂದು ಕರೆದರು. ಚೀಟಿಯು ಅಪಾಯ ಹೊರುವವನ ಬೆರಳ ತುದಿಯಲ್ಲಿಯೇ ಇದ್ದಿತು; ಅದನ್ನು ಕೀಳುವ ದಿನವೂ ಬಂದಿತು. ಇವೆರಡೂ ಕೂಡಿಬಂದ ಉದಾಹರಣೆಗಳು ಹೆಚ್ಚಾಗಿ ಇಲ್ಲ.

ಬಿಟಿಆರ್‌ಎಫ್‌ಎಸ್ ಎಂಬ ಇನ್ನೊಂದು ಕಡತವ್ಯವಸ್ಥೆಯು 2009ರಲ್ಲಿ, 2.6.29ರಲ್ಲಿ, ಪ್ರಾಯೋಗಿಕವೆಂಬ ಹೆಸರಿನಿಂದಲೇ ಒಳಗೆ ಬಂದಿತು. ಬಹುಭಾಗ ಅದು ಬೆಳೆದು ಗಟ್ಟಿಯಾಯಿತೆಂಬುದರಲ್ಲಿ ಸಂದೇಹವಿಲ್ಲ. 2020ರಲ್ಲಿ ಫೆಡೋರಾ ವಿತರಣೆಯು ತನ್ನ 33ನೆಯ ಆವೃತ್ತಿಯಿಂದ ಮೇಜಿನ ಗಣಕಗಳಿಗೆ ಅದನ್ನೇ ವಾಡಿಕೆಯ ವ್ಯವಸ್ಥೆಯಾಗಿ ಮಾಡಿಕೊಂಡಿತು. ಆದರೆ ಅದರ ಒಂದು ಕೋಣೆಯ ಕಥೆ ಬೇರೆ. ರೇಡ್ 5, ರೇಡ್ 6 ಎಂಬ ಏರ್ಪಾಡುಗಳಲ್ಲಿ ಹಲವು ಡಿಸ್ಕುಗಳ ಮೇಲೆ ಮಾಹಿತಿಯನ್ನು ಹರಡಿ, ಜೊತೆಗೆ ಪ್ಯಾರಿಟಿ ಎಂಬ ತಾಳೆಲೆಕ್ಕವನ್ನು ಬರೆದಿಡುತ್ತಾರೆ. ಒಂದು ಡಿಸ್ಕು ಸತ್ತರೆ ಉಳಿದವುಗಳಿಂದಲೂ ತಾಳೆಲೆಕ್ಕದಿಂದಲೂ ಕಳೆದುಹೋದುದನ್ನು ಮರಳಿ ಪಡೆಯಬಹುದು. ಮಾಹಿತಿಯನ್ನು ಬರೆದಾದ ಮೇಲೆ ತಾಳೆಲೆಕ್ಕವನ್ನು ಬರೆಯುವಷ್ಟರಲ್ಲಿ ವಿದ್ಯುತ್ತು ಹೋಯಿತೆನ್ನೋಣ. ಆಗ ಎರಡಕ್ಕೂ ಹೊಂದಾಣಿಕೆ ತಪ್ಪುತ್ತದೆ, ಆದರೆ ಆ ಕ್ಷಣದಲ್ಲಿ ಯಾರಿಗೂ ತಿಳಿಯುವುದಿಲ್ಲ. ಮುಂದೆ ಎಂದೋ ಒಂದು ಡಿಸ್ಕು ಸತ್ತಾಗ ಆ ತಪ್ಪು ಲೆಕ್ಕದಿಂದ ತಪ್ಪು ಮಾಹಿತಿಯೇ ಹುಟ್ಟುತ್ತದೆ. ಈ ತೂತನ್ನು ಮುಚ್ಚುವ ಕೆಲಸವನ್ನು ಮುಂದಕ್ಕೆ ಬಿಟ್ಟು, 2013ರಲ್ಲಿ, 3.9 ಆವೃತ್ತಿಯಲ್ಲಿ, ಈ ಸೌಲಭ್ಯವನ್ನು ಸೇರಿಸಿದರು. ದೋಷಗಳನ್ನು ಹುಡುಕಿ ತಿದ್ದುವ ಪರಿಶೋಧನೆಯೂ ಕೆಟ್ಟ ಡಿಸ್ಕನ್ನು ನೇರವಾಗಿ ಬದಲಿಸುವ ಕ್ರಮವೂ ಈ ಏರ್ಪಾಡಿಗೆ ಒದಗಿದುದು 2015ರ 3.19ರಲ್ಲಿ. ಮರುವರ್ಷ ಆ ಪರಿಶೋಧನೆಯಲ್ಲಿಯೇ ಗಂಭೀರವಾದ ದೋಷಗಳು ಹೊರಬಿದ್ದುವು. ಈ ಏರ್ಪಾಡನ್ನು ಮಹತ್ತ್ವದ ಮಾಹಿತಿಗೆ ಬಳಸಬೇಡಿರೆಂದು ಯೋಜನೆಯ ಕೈಪಿಡಿಯು ಇಂದಿಗೂ ಎಚ್ಚರಿಸುತ್ತಿದೆ.

ಇಲ್ಲಿ ಅಪೂರ್ಣತೆಗಿಂತ ಅದು ಇರುವ ಜಾಗವೇ ನಮಗೆ ಮುಖ್ಯವಾಗಿ ಕಾಣುತ್ತದೆ. ಡಿಸ್ಕು ಸತ್ತರೂ ಮಾಹಿತಿ ಉಳಿಯಲಿ ಎಂಬ ಒಂದೇ ಉದ್ದೇಶಕ್ಕಾಗಿ ಮನುಷ್ಯನು ರೇಡ್ 5ನ್ನು ಆರಿಸುವುದು. ಅಪೂರ್ಣವಾಗಿ ಉಳಿದುದು ಆ ಉದ್ದೇಶದ ಹೃದಯಭಾಗವೇ. ಬಣ್ಣ ಬಳಿಯದ ಗೋಡೆಯ ಮನೆಗೆ ಒಕ್ಕಲು ಹೋಗಬಹುದು. ಬಾವಿಗೆ ಕಟ್ಟೆಯಿಲ್ಲದ ಮನೆಗೆ ಮಕ್ಕಳೊಂದಿಗೆ ಹೋಗುವುದು ಬೇರೆ ಮಾತು. ಎರಡೂ ಮನೆಗಳು ನೂರಕ್ಕೆ ತೊಂಬತ್ತು ಪಾಲು ಮುಗಿದಿವೆಯೆಂದು ಕಂತ್ರಾಟುದಾರನು ಹೇಳಬಹುದು, ಲೆಕ್ಕವೇನೂ ಸುಳ್ಳಲ್ಲ.

ಇದಕ್ಕೆ ವಿರುದ್ಧವಾದ ಏರ್ಪಾಡೊಂದನ್ನು 2008ರಲ್ಲಿ ಗ್ರೆಗ್ ಕ್ರೋಹಾರ್ಟ್‌ಮನ್ ಅವರು ಕರ್ನಲ್ಲಿನೊಳಗೇ ಮಾಡಿದರು. ‘ಸ್ಟೇಜಿಂಗ್’ ಎಂಬ ಹೆಸರಿನ ಒಂದು ಪ್ರತ್ಯೇಕ ಅಂಗಳ ಅದು. ಯಂತ್ರಭಾಗಗಳನ್ನು ನಡೆಸುವ ಡ್ರೈವರುಗಳಲ್ಲಿ ಇನ್ನೂ ಒರಟಾದುವು, ಅರೆಬರೆಯಾದುವು ಅಲ್ಲಿ ಬಂದು ನಿಲ್ಲಬಹುದು. ಆಗಬೇಕಾದ ಕೆಲಸಗಳ ಪಟ್ಟಿಯೂ ಆ ವಿಷಯದಲ್ಲಿ ಯಾರಿಗೆ ಬರೆಯಬೇಕೆಂಬ ವಿಳಾಸವೂ ಡ್ರೈವರಿನ ಜೊತೆಯಲ್ಲಿರಬೇಕು. ಅಂಥ ಡ್ರೈವರೊಂದನ್ನು ಬಳಸಿದೊಡನೆ ಕರ್ನಲ್ಲು ತನ್ನ ಮೇಲೆ ತಾನೇ ಒಂದು ಕಳಂಕದ ಗುರುತನ್ನು ಹಾಕಿಕೊಳ್ಳುತ್ತದೆ. ಆ ಗುರುತಿಗೆ ಅವರು ಇಟ್ಟಿರುವ ಇಂಗ್ಲಿಷ್ ಹೆಸರನ್ನು ಮರ್ಯಾದೆಯಾಗಿ ಕನ್ನಡಿಸುವುದಾದರೆ ‘ಕಸ’ ಎನ್ನಬೇಕು. ಮುಂದೆ ದೋಷ ವರದಿಯಾದಾಗ ಆ ಗುರುತು ಕಾಣಿಸುವುದರಿಂದ ಇತರ ಪಾಲಕರು ವ್ಯರ್ಥವಾಗಿ ತಲೆಕೆಡಿಸಿಕೊಳ್ಳಬೇಕಾಗಿಲ್ಲ.

ಈ ಅಂಗಳದ ದೊಡ್ಡ ಗುಣವೆಂದರೆ ಅಲ್ಲಿಂದ ಹೊರಹಾಕುವುದು ಸುಲಭ. ಆಂಡ್ರಾಯ್ಡ್‌ಗೆ ಸೇರಿದ ಡ್ರೈವರುಗಳು 2009ರಲ್ಲಿ ಅಲ್ಲಿಗೆ ಬಂದುವು. ಅವುಗಳನ್ನು ನೋಡಿಕೊಳ್ಳುವವರು ಇಲ್ಲವೆಂದು 2010ರ ಫೆಬ್ರವರಿಯ 2.6.33ರಲ್ಲಿ ತೆಗೆದುಹಾಕಿದರು, 2012ರ ಮಾರ್ಚಿನ 3.3ರಲ್ಲಿ ಅವು ಮರಳಿ ಬಂದುವು. ಜಗತ್ತಿನ ಕೋಟ್ಯಂತರ ದೂರವಾಣಿಗಳ ತಂತ್ರಾಂಶವೆಂಬ ದಾಕ್ಷಿಣ್ಯ ಅಲ್ಲಿ ನಡೆಯಲಿಲ್ಲ. ಎಕ್ಸ್‌ಫ್ಯಾಟ್ ಎಂಬ ಕಡತವ್ಯವಸ್ಥೆಯ ಒರಟು ರೂಪವೊಂದು 2019ರಲ್ಲಿ ಅದೇ ಅಂಗಳಕ್ಕೆ ಬಂದಿತ್ತು. ಮರುವರ್ಷ ಅದಕ್ಕಿಂತ ಉತ್ತಮವಾದ ರೂಪವು ದೊರೆತಾಗ ಹಳೆಯದು ಸದ್ದಿಲ್ಲದೆ ಹೋಯಿತು. ಇಲ್ಲೆಲ್ಲ ಉಳಿದ ಭಾಗ ಬಾರದೇ ಹೋದಾಗ ನಷ್ಟವಾದುದು ಅದನ್ನು ತಂದವರಿಗೆ. ನ್ಯಾಯವಾದ ವಿಭಾಗವೇ ಸರಿ.

ಇತ್ತೀಚಿನ ಬಿಕ್ಯಾಷ್‌ಎಫ್‌ಎಸ್ ಪ್ರಕರಣವು ಇವೆಲ್ಲಕ್ಕಿಂತ ಕಷ್ಟದ್ದು. ಅದರಲ್ಲಿ ಎರಡು ಕಡೆಯಲ್ಲಿಯೂ ಸತ್ಯವಿದೆ. ಈ ಕಡತವ್ಯವಸ್ಥೆಯನ್ನು ಅದರ ಕರ್ತೃಗಳು ಮೂಲದ ಹೊರಗೆ ಹಲವು ವರ್ಷ ಬೆಳೆಸಿದ ಮೇಲೆ 2023ರ ಅಕ್ಟೋಬರಿನಲ್ಲಿ ಅಂಗೀಕಾರ ದೊರೆಯಿತು; 2024ರ ಜನವರಿಯ 6.7 ಆವೃತ್ತಿಯಲ್ಲಿ ಪ್ರಾಯೋಗಿಕವೆಂಬ ಚೀಟಿಯೊಡನೆ ಅದು ಹೊರಬಂದಿತು. ಕರ್ನಲ್ಲಿನ ಕಾಲಕ್ರಮ ಇಂತಿದೆ: ಒಂದು ಆವೃತ್ತಿ ಹೊರಬಿದ್ದ ಮೇಲೆ ಎರಡು ವಾರ ಹೊಸ ಸೌಲಭ್ಯಗಳಿಗೆ ಬಾಗಿಲು ತೆರೆದಿರುತ್ತದೆ, ಆಮೇಲಿನ ಏಳೆಂಟು ವಾರ ದೋಷ ತಿದ್ದುವುದಕ್ಕೆ ಮಾತ್ರ ಮೀಸಲು. 2025ರ ಜೂನಿನಲ್ಲಿ, 6.16ರ ತಿದ್ದುಪಡಿಯ ವಾರಗಳು ನಡೆಯುತ್ತಿದ್ದಾಗ, ಕೆಟ್ಟುಹೋದ ಕಡತವ್ಯವಸ್ಥೆಯನ್ನು ಹಿಂದಿನ ಸ್ಥಿತಿಗೆ ಒಯ್ದು ಮಾಹಿತಿಯನ್ನು ಉಳಿಸಿಕೊಳ್ಳುವ ಹೊಸದೊಂದು ಸೌಲಭ್ಯವನ್ನು ಕರ್ತೃಗಳು ಕಳುಹಿಸಿದರು. ಜನರು ಕಡತಗಳನ್ನು ಕಳೆದುಕೊಳ್ಳುತ್ತಿರುವಾಗ ಅವನ್ನು ಉಳಿಸುವ ಸಾಧನವೂ ದೋಷದ ತಿದ್ದುಪಡಿಯೇ ಎಂದು ಅವರ ವಾದ. ಹೊಸ ಸೌಲಭ್ಯವು ಹೊಸ ಸೌಲಭ್ಯವೇ ಎಂದು ಎದುರುವಾದ. ಟೋರ್ವಾಲ್ಡ್ಸ್ ಅವರು ಆ ಬಾರಿ ಅದನ್ನು ಸೇರಿಸಿಕೊಂಡರು. ಮುಂದಿನ ಆವೃತ್ತಿಯ ಹೊತ್ತಿಗೆ ದಾರಿಗಳು ಬೇರೆಯಾಗುವುವೆಂಬ ಸೂಚನೆಯನ್ನೂ ಕೊಟ್ಟರು. 6.17ರಲ್ಲಿ ಅದನ್ನು ಹೊರಗಿನವರು ಪಾಲಿಸುವ ಭಾಗವೆಂದು ಗುರುತಿಸಿದರು. 2025ರ ನವೆಂಬರಿನ ಕೊನೆಯಲ್ಲಿ ಹೊರಬಿದ್ದ 6.18ರಲ್ಲಿ ಅದರ ಕೋಡೇ ಇರಲಿಲ್ಲ. ಬೇಕಾದವರು ಪ್ರತ್ಯೇಕವಾಗಿ ಪಡೆದು ಸೇರಿಸಿಕೊಳ್ಳುವ ಮಾರ್ಗವೊಂದು ಉಳಿದಿದೆ.

ಈ ಪ್ರಕರಣವನ್ನು ಅನೇಕರು ವ್ಯಕ್ತಿಗಳ ಸ್ವಭಾವದ ಘರ್ಷಣೆಯೆಂದು ಬಗೆದು ಸುಮ್ಮನಾಗುತ್ತಾರೆ. ಸ್ವಭಾವವೂ ಅಲ್ಲಿ ಕೆಲಸ ಮಾಡಿರಬಹುದು. ನಮ್ಮ ವಿಚಾರಕ್ಕೆ ಅದು ಬೇಡ. ಕರ್ತೃಗಳ ವಾದವನ್ನು ಅದರ ಬಲದಲ್ಲಿಯೇ ತೆಗೆದುಕೊಂಡು ನೋಡೋಣ. ಉದ್ಧಾರದ ಸಾಧನವು ಹತ್ತು ವಾರ ಕಾಯಲಾರದಷ್ಟು ತುರ್ತಿನದಾಗಿದ್ದರೆ, ಕಳೆದುಕೊಳ್ಳಲಾಗದ ಮಾಹಿತಿಯನ್ನು ಜನರು ಆ ಕಡತವ್ಯವಸ್ಥೆಯ ಮೇಲೆ ಇರಿಸಿದ್ದರೆಂದೇ ಅರ್ಥ. ಹಾಗಾದರೆ ‘ಪ್ರಾಯೋಗಿಕ’ ಎಂಬ ಚೀಟಿಯನ್ನು ಬಳಸಿದವರೂ ನಂಬಿರಲಿಲ್ಲ, ಬರೆದವರೂ ನಂಬಿರಲಿಲ್ಲ. ವಾದವು ಪ್ರಬಲವಾದಷ್ಟೂ ಅಂಗೀಕಾರವು ಅಕಾಲಿಕವಾಗಿತ್ತೆಂಬುದಕ್ಕೆ ಅದೇ ಸಾಕ್ಷಿಯಾಗುತ್ತದೆ. ಇನ್ನೊಂದು ಕಡೆ, ಅಂಗೀಕರಿಸಿದವರೂ ನಿರ್ದೋಷಿಗಳಲ್ಲ. ಡ್ರೈವರನ್ನು ಹೊರಹಾಕಿದರೆ ಒಂದು ಯಂತ್ರಭಾಗ ನಿಲ್ಲುತ್ತದೆ, ಇನ್ನೊಂದನ್ನು ಕೊಳ್ಳಬಹುದು. ಕಡತವ್ಯವಸ್ಥೆಯನ್ನು ಹೊರಹಾಕಿದಾಗ ಅದರ ಆಕಾರದಲ್ಲಿ ಬರೆದಿಟ್ಟ ವರ್ಷಗಳ ಮಾಹಿತಿ ಜನರ ಡಿಸ್ಕುಗಳ ಮೇಲೆ ಹಾಗೆಯೇ ಉಳಿದಿರುತ್ತದೆ. ಒಳಗೆ ಬಿಟ್ಟುಕೊಳ್ಳುವ ದಿನ ‘ಮುಂದೆ ಬೇಡವಾದರೆ ತೆಗೆಯೋಣ’ ಎಂದುಕೊಳ್ಳುವುದು ಡ್ರೈವರಿನ ವಿಷಯದಲ್ಲಿ ವಿವೇಕ. ಕಡತವ್ಯವಸ್ಥೆಯ ವಿಷಯದಲ್ಲಿ ಅದು ಇನ್ನೊಬ್ಬರ ಹಣದಿಂದ ಪಂದ್ಯ ಕಟ್ಟಿದಂತೆ. ನಿಯಮದ ಪ್ರಕಾರ 2025ರ ನಿರ್ಣಯ ಸರಿಯಾದುದೇ. 2023ರದು ಆತುರದ್ದು ಎಂಬುದು ನಮ್ಮ ಅಭಿಪ್ರಾಯ.

ಹಾಗಾದರೆ ಆ ಕರ್ತೃಗಳು ಇನ್ನೂ ಹತ್ತು ವರ್ಷ ಹೊರಗೇ ನಿಲ್ಲಬೇಕಾಗಿತ್ತೇ, ಅನ್ಯೋನ್ಯಾಶ್ರಯದ ಬಲೆಯಲ್ಲಿಯೇ ಸಾಯಬೇಕಾಗಿತ್ತೇ ಎಂದು ಕೇಳಬಹುದು. ಇದಕ್ಕೆ ಪೂರ್ಣವಾದ ಉತ್ತರ ನಮ್ಮಲ್ಲಿಲ್ಲ. ಆದರೆ ಹೊರಗೆ ನಿಂತು ಗೆದ್ದವರೂ ಉಂಟು. ನಿಗದಿಯಾದ ಕಾಲದೊಳಗೆ ತಪ್ಪದೆ ಉತ್ತರ ಕೊಡುವ ಶಕ್ತಿಯನ್ನು ಕರ್ನಲ್ಲಿಗೆ ತರುವ ‘ಪ್ರಿಎಂಪ್ಟ್ ಆರ್‌ಟಿ’ ಎಂಬ ಕೆಲಸ 2004ರ ಸುಮಾರಿಗೆ ಆರಂಭವಾಯಿತು. ಕಾರ್ಖಾನೆಯ ಯಂತ್ರವನ್ನು ನಡೆಸುವ ಗಣಕಕ್ಕೆ ಈ ಶಕ್ತಿ ಅಗತ್ಯ. ಥಾಮಸ್ ಗ್ಲೈಕ್ಸ್‌ನರ್, ಇಂಗೋ ಮೊಲ್ನಾರ್ ಮೊದಲಾದವರು ತಮ್ಮ ಅಪೂರ್ಣ ಕೃತಿಯನ್ನು ಇಡಿಯಾಗಿ ತಂದು ಬಾಗಿಲಲ್ಲಿ ಇಳಿಸಲಿಲ್ಲ. ಅದರೊಳಗಿನ ಒಂದೊಂದು ಭಾಗವನ್ನು, ತನ್ನಷ್ಟಕ್ಕೆ ತಾನು ಪೂರ್ಣವಾಗಿ ಎಲ್ಲರಿಗೂ ಉಪಯೋಗವಾಗುವಂತೆ ಕಡೆದು, ಒಳಗೆ ಕಳುಹಿಸುತ್ತ ಬಂದರು. ಹೊಸ ಬಗೆಯ ಬೀಗಗಳು 2006ರಲ್ಲಿ, ಸೂಕ್ಷ್ಮಕಾಲವನ್ನು ಅಳೆಯುವ ಸಾಧನ 2007ರಲ್ಲಿ, ಕರ್ನಲ್ಲಿನ ನಡೆಯನ್ನು ಹಿಂಬಾಲಿಸಿ ದಾಖಲಿಸುವ ಉಪಕರಣ 2008ರಲ್ಲಿ ಬಂದುವು. ಕೊನೆಯ ಭಾಗ 2024ರ ಸೆಪ್ಟೆಂಬರಿನಲ್ಲಿ ಅಂಗೀಕೃತವಾಗಿ ನವೆಂಬರಿನ 6.12ರಲ್ಲಿ ಹೊರಬಂದಿತು. ಇಪ್ಪತ್ತು ವರ್ಷ! ಈ ಸಹನೆಯನ್ನು ಎಲ್ಲರಿಂದಲೂ ಬೇಡುವುದು ಕ್ರೌರ್ಯವಾದೀತು. ಸಂಬಳ ಕೊಡುವ ಆಶ್ರಯದಾತರು ದೊರೆಯದವನಿಗೆ ಅದು ಸಾಧ್ಯವೂ ಇಲ್ಲ. ಆದರೂ ಆ ಕೆಲಸವು ಹತ್ತನೆಯ ವರ್ಷದಲ್ಲಿಯೇ ನಿಂತುಹೋಗಿದ್ದರೆ ಯಾರಿಗೆ ನಷ್ಟವಾಗುತ್ತಿತ್ತು? ಒಳಗೆ ಹೋದ ಭಾಗಗಳೆಲ್ಲ ತಮ್ಮ ಕೆಲಸವನ್ನು ಮಾಡುತ್ತಲೇ ಇರುತ್ತಿದ್ದುವು.

ರಸ್ಟ್ ಭಾಷೆಯವರು ಇದೇ ನೀತಿಯನ್ನು ಭಾಷೆಯ ಕಟ್ಟಳೆಯಾಗಿಯೇ ಮಾಡಿಕೊಂಡಿದ್ದಾರೆ. ಅಪಕ್ವವಾದ ಸೌಲಭ್ಯವು ಪ್ರತಿರಾತ್ರಿ ಕಟ್ಟುವ ಪ್ರಯೋಗದ ಆವೃತ್ತಿಯಲ್ಲಿ ಮಾತ್ರ, ಅದೂ ಹೆಸರು ಹೇಳಿ ಕೇಳಿದವನಿಗೆ ಮಾತ್ರ ದೊರೆಯುತ್ತದೆ. ಅದನ್ನು ಇಲ್ಲಿ ವಿಸ್ತರಿಸಬೇಕಾಗಿಲ್ಲ.

ನಮ್ಮ ವಿದ್ಯಾರ್ಥಿಗಳಿಗೂ ಈ ವಿಚಾರಕ್ಕೂ ಸಂಬಂಧವಿದೆ. ಗೂಗಲ್ ಸಂಸ್ಥೆಯವರು 2005ರಿಂದ ನಡೆಸುತ್ತಿರುವ ‘ಸಮ್ಮರ್ ಆಫ್ ಕೋಡ್’ ಎಂಬ ಬೇಸಿಗೆಯ ಕಾರ್ಯಕ್ರಮದಲ್ಲಿ ಭಾರತದ ವಿದ್ಯಾರ್ಥಿಗಳು ಬಹುಸಂಖ್ಯೆಯಲ್ಲಿ ಭಾಗವಹಿಸುತ್ತ ಬಂದಿದ್ದಾರೆ. ಕೆಲವು ವಾರಗಳ ಅವಧಿ. ಅವಧಿ ಮುಗಿಯುವಾಗ ಸೌಲಭ್ಯವು ಮುಕ್ಕಾಲು ಆಗಿರುತ್ತದೆ. ಕಾಲೇಜು ತೆರೆಯುತ್ತದೆ, ವಿದ್ಯಾರ್ಥಿ ಮರಳುತ್ತಾನೆ. ಮುಕ್ಕಾಲು ಸೌಲಭ್ಯವನ್ನು ಸೇರಿಸಿಕೊಳ್ಳಲೊಲ್ಲದ ಪಾಲಕನನ್ನು ನಾವು ಅಧ್ಯಾಪಕರು ನಿಷ್ಠುರನೆಂದು ದೂರುವುದುಂಟು. ಆ ಕಾಲುಭಾಗವನ್ನು ಚಳಿಗಾಲದ ರಾತ್ರಿಗಳಲ್ಲಿ ಸಂಬಳವಿಲ್ಲದೆ ಬರೆಯಬೇಕಾದವನು ಆತನೇ ಎಂಬುದು ನಮ್ಮ ಅಂಕಪಟ್ಟಿಯಲ್ಲಿ ಕಾಣಿಸುವುದಿಲ್ಲ. ಅಂತಿಮ ವರ್ಷದ ಯೋಜನಾಕಾರ್ಯವನ್ನು ಹಂಚುವಾಗ ದೊಡ್ಡ ಸೌಲಭ್ಯದ ಮುಕ್ಕಾಲಿಗಿಂತ ಸಣ್ಣ ಸೌಲಭ್ಯದ ಇಡಿಯನ್ನು ಕೊಡುವುದು ವಿದ್ಯಾರ್ಥಿಗೂ ಲೇಸು.

ಅಪೂರ್ಣತೆಯು ಯಾರಿಗೂ ಕೇಡುಮಾಡದೆ ಬಾಳುವ ಒಂದು ಸ್ಥಳವನ್ನು ನಾವು ಕನ್ನಡಿಗರು ಹತ್ತಿರದಿಂದ ಬಲ್ಲೆವು. ಗ್ನೋಮ್ ಮೊದಲಾದ ಮುಕ್ತ ತಂತ್ರಾಂಶಗಳ ಪರದೆಯನ್ನು ಸ್ವಯಂಸೇವಕರು ಕನ್ನಡಿಸುತ್ತ ಬಂದಿದ್ದಾರೆ. ಆ ಕೆಲಸ ಇಡಿಯಾಗಿ ಮುಗಿದ ದಿನವೆಂಬುದಿಲ್ಲ. ಕನ್ನಡ ಸಾಲು ಇಲ್ಲದೆಡೆ ಇಂಗ್ಲಿಷ್ ಸಾಲು ತಾನಾಗಿ ತೋರುತ್ತದೆ, ಏನೂ ಮುರಿಯುವುದಿಲ್ಲ. ಈ ಅನುವಾದಗಳನ್ನು ನಡೆಸುವ ಗೆಟ್‌ಟೆಕ್ಸ್ಟ್ ಎಂಬ ಸಾಧನದಲ್ಲಿ ಇನ್ನೊಂದು ಸೊಗಸಾದ ಏರ್ಪಾಡಿದೆ. ಮೂಲದ ಇಂಗ್ಲಿಷ್ ವಾಕ್ಯ ಸ್ವಲ್ಪ ಬದಲಾಗಿ ಹಳೆಯ ಕನ್ನಡ ವಾಕ್ಯವು ಹೊಂದುವುದೋ ಇಲ್ಲವೋ ಎಂಬ ಅನುಮಾನ ಬಂದರೆ, ಆ ಸಾಧನವು ಸಾಲನ್ನು ಅಳಿಸದೆ ‘ಮಸುಕು’ ಎಂಬ ಅರ್ಥದ ಗುರುತನ್ನು ಅದರ ಮೇಲೆ ಹಾಕುತ್ತದೆ. ಆ ಸಾಲು ಅನುವಾದಕನ ಕಡತದಲ್ಲಿ ಉಳಿಯುತ್ತದೆ; ಅವನು ಅದನ್ನು ನೋಡಿ, ತಿದ್ದಿ, ಗುರುತನ್ನು ತೆಗೆಯುವವರೆಗೆ ಬಳಸುವವನ ಪರದೆಗೆ ಬರುವುದಿಲ್ಲ.